ಒಂದು ಕೊಡದ ಭಾರ

ಅತ್ತೆಯನ್ನು ದಿಂಬಿನ ಕಡೆಗೆ ಎಳೆದು ಮಲಗಿಸಿದ ಹುಡುಗಿ ನೆಟ್ಟಗಾಗುತ್ತಲೇ ಎಡಗೈಯನ್ನು ಸೊಂಟದ ಹಿಂದಕ್ಕೆ ಒಯ್ದಳು. ಹೆಬ್ಬೆರಳಿನಿಂದ ಒಂದು ಜಾಗವನ್ನು ಒತ್ತಿ ಹಿಡಿದು, ಕಣ್ಣು ಮುಚ್ಚಿ, ಎರಡು ಸಲ ಉಸಿರೆಳೆದುಕೊಂಡಳು. ಆಮೇಲೆ ಏನೂ ಆಗಿಲ್ಲವೆಂಬಂತೆ ಹೊದಿಕೆ ಸರಿಮಾಡತೊಡಗಿದಳು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಅವಳು ನೋಡಿರಲಿಲ್ಲ.

"ಯಾಕಮ್ಮಾ, ಸೊಂಟ ನೋವಾ?" ಅಂದೆ.

"ಏನಿಲ್ರೀ ಅಕ್ಕಾರ. ಟೊಂಕ ಒಂಚೂರು ಹಿಡದೈತಿ, ಅಷ್ಟ. ಹೋಗ್ತೈತಿ ಬಿಡ್ರಿ."

ಕೊಪ್ಪಳದ ಕಡೆಯವಳು. ಅತ್ತೆ ಜಾರಿಬಿದ್ದು, ಸೊಂಟದ ಕೀಲಿನ ಆಪರೇಷನ್ ಆಗಿ ಮನೆಗೆ ಬಂದ ದಿನದಿಂದ ಏಜೆನ್ಸಿಯವರು ಕಳಿಸಿದ ಹೋಮ್ ನರ್ಸ್ ಆಗಿ ನಮ್ಮಲ್ಲಿದ್ದಾಳೆ. ಅವಳು ಒತ್ತಿಕೊಂಡ ಜಾಗ ನನಗೆ ಚೆನ್ನಾಗಿ ಗೊತ್ತು. ನನ್ನ ಸೊಂಟದಲ್ಲೂ ಅದೇ ಎತ್ತರದಲ್ಲಿ, ಎಡಗಡೆಗೆ, ಅಂಥದೇ ಒಂದು ಜಾಗವಿದೆ. ಮೋಡ ಕವಿದ ದಿನ, ಬಸ್ಸಿನಲ್ಲಿ ಬಹಳ ಹೊತ್ತು ಕೂತ ದಿನ ಅದು ತನ್ನ ಇರವನ್ನು ತಿಳಿಸುತ್ತದೆ. ಅದಕ್ಕೀಗ 30 ವರ್ಷ ದಾಟಿದೆ. 1994ರಲ್ಲಿ, ಮೈಸೂರಿನ ಹೊರಗಿದ್ದ ಒಂದು ವೃದ್ಧಾಶ್ರಮದಲ್ಲಿ ಅದು ನನಗೆ ಅಂಟಿಕೊಂಡಿತು. "ಹೋಗುತ್ತೆ ಬಿಡಿ" ಎಂದು ನಾನೂ ಹೇಳಿದ್ದೆ.

ಆಗ ನನಗೆ 19. ಪಿಯುಸಿ ಮುಗಿದಿತ್ತು, ನರ್ಸಿಂಗ್ ಸೇರಲು ದುಡ್ಡಿರಲಿಲ್ಲ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ನಮ್ಮೂರಿನಿಂದ ಹೋಗಿ ಅಲ್ಲಿ ಅಡುಗೆ ಮಾಡಿಕೊಂಡಿದ್ದ ಹೆಂಗಸೊಬ್ಬರು ಯುಗಾದಿಗೆ ಬಂದಾಗ ಅವ್ವನಿಗೆ ಹೇಳಿದರು: ಊಟ, ಜಾಗ ಅವರದೇ, ಕೈಗೆ 600 ರೂಪಾಯಿ, ಹೆಣ್ಣುಮಗುವಿಗೆ ಭಯವಿಲ್ಲದ ಜಾಗ. ಮೂರನೇ ದಿನ ನಾನು ಒಂದು ಟ್ರಂಕು ಹಿಡಿದು ಅಲ್ಲಿದ್ದೆ.

ಯಾರೋ ದಾನವಾಗಿ ಬಿಟ್ಟುಕೊಟ್ಟ ತೊಟ್ಟಿಮನೆ ಅದು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬಗಳು, ಮುಖ ಕಾಣುವ ಹಾಗೆ ಹೊಳೆಯುವ ರೆಡ್ ಆಕ್ಸೈಡ್ ನೆಲ, ಹಿತ್ತಲಲ್ಲಿ ಬಚ್ಚಲು, ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ. ನನಗೆ ಬಹಳ ಇಷ್ಟವಾದ ಮನೆ. ಮುಂದೆ ನರ್ಸಿಂಗ್ ಓದಿ, 20 ವರ್ಷ ಆಸ್ಪತ್ರೆಗಳಲ್ಲಿ ದುಡಿದ ಮೇಲೆ ಮನಸ್ಸಿನಲ್ಲೇ ಅದರೊಳಗೆ ಮತ್ತೆ ಓಡಾಡಿದಾಗ ಮಾತ್ರ ಒಂದೊಂದು ಹೆಜ್ಜೆಗೂ ಎದೆ ಝಲ್ಲೆನ್ನುತ್ತದೆ. ಮಳೆ ಬಂದರೆ ತೊಟ್ಟಿಯಿಂದ ಎರಚಲು; ಒದ್ದೆಯಾದ ಆ ನೆಲದ ಮೇಲೆ 80ರ ಕಾಲು ನಿಲ್ಲುತ್ತಿರಲಿಲ್ಲ. ಕಕ್ಕಸು ಹಿತ್ತಲ ಕೊನೆಯಲ್ಲಿ. ಅಲ್ಲಿಗೆ ಹೋಗುವ ದಾರಿಗೆ 40 ವ್ಯಾಟಿನ ಒಂದೇ ಬಲ್ಬು, ಕರೆಂಟು ಹೋದರೆ ಅದೂ ಇಲ್ಲ. ಕುಕ್ಕರಗಾಲಲ್ಲಿ ಕೂತವರು ಎದ್ದೇಳಲು ಹಿಡಿದುಕೊಳ್ಳುವುದಕ್ಕೆ ಬರಿಯ ಗೋಡೆ.

ಅಜ್ಜಿಯರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ನಾಲ್ಕು ಗಂಟೆಯ ಕಾಫಿ ಆದ ಮೇಲೆ ನೀರೇ ಕುಡಿಯುತ್ತಿರಲಿಲ್ಲ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೇ ಕಡಿಮೆ. ಅದರ ಮೇಲೆ ರಾತ್ರಿ ಏಳಬೇಕಾದೀತೆಂಬ ಹೆದರಿಕೆಯಿಂದ ನೀರು ಬಿಟ್ಟರೆ ತಲೆ ಸುತ್ತುತ್ತದೆ, ಹೊಟ್ಟೆ ಕಟ್ಟುತ್ತದೆ, ಮೂತ್ರದ ಸೋಂಕು ಬರುತ್ತದೆ. ಸೋಂಕು ಬಂದಾಗ ಕೆಲವರಿಗೆ ಮೈ ಬಿಸಿಯಾಗುವ ಮೊದಲೇ ಬುದ್ಧಿ ಮಂಕಾಗಿ, ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ. ಹಾಗೆ ಮಾತಾಡಿದ ಅಜ್ಜಿಯರನ್ನು ಅರಳುಮರಳು ಎಂದುಕೊಂಡು ನಾವು ಸುಮ್ಮನಾಗಿದ್ದೇವೆ. ಆ ದಾರಿಗೆ ಇನ್ನೆರಡು ದೀಪ, ಗೋಡೆಗೊಂದು ಕಬ್ಬಿಣದ ಹಿಡಿಕೆ ಇದ್ದಿದ್ದರೆ ಅವರು ನೀರು ಕುಡಿಯುತ್ತಿದ್ದರು.

ಪ್ರತಿ ಕೋಣೆಗೂ ನಾಲ್ಕು ಬೆರಳೆತ್ತರದ ಹೊಸಿಲು. ಶುಕ್ರವಾರ ಬೆಳಗ್ಗೆ ನಾವೇ ಅದಕ್ಕೆ ಅರಿಶಿನ ಬಳಿದು ರಂಗೋಲಿ ಎಳೆಯುತ್ತಿದ್ದೆವು. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಇದ್ದರು. ದಿನವೂ ಹೂ ಕಟ್ಟಿ ಆಯಾಗಳ ಜಡೆಗೆ ತಾವೇ ಮುಡಿಸುತ್ತಿದ್ದರು. ಒಂದು ಶುಕ್ರವಾರ ರಂಗೋಲಿ ತುಳಿಯಬಾರದೆಂದು ಕಾಲನ್ನು ಎತ್ತಿಟ್ಟು ದಾಟಲು ಹೋದರು. ಎತ್ತಿದ ಕಾಲು ಸಾಲಲಿಲ್ಲ. ಸೊಂಟದ ಕೀಲು ಮುರಿಯಿತು. ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ. ಅವರ ಮಂಚದ ಮೇಲೆ ಅರ್ಧ ಕಟ್ಟಿದ ಮೊಗ್ಗಿನ ದಂಡೆ ಇತ್ತು, ಬಾಳೆನಾರು ಒದ್ದೆಯಾಗಿಯೇ ಇತ್ತು. ಆ ರಂಗೋಲಿ ಇಟ್ಟವಳು ನಾನು.

ಹೊಸಿಲು ಕೀಳಿಸಿ ಎಂದು ಹಿರಿಯ ಆಯಾ ಕೇಳಿಕೊಂಡಾಗ ಮೇಲ್ವಿಚಾರಕರು ಮನೆಗೆ ಕೇಡು ಅಂದರು. ಅವರ ನಂಬಿಕೆಯನ್ನು ನಾನು ಹಳಿಯುವುದಿಲ್ಲ, ನನಗೂ ಆಗ ಹಾಗೇ ಅನ್ನಿಸಿತ್ತು. ಮೂರು ತಿಂಗಳಾದ ಮೇಲೆ ಒಬ್ಬ ತಾತ ಎಡವಿ ಹಣೆ ಒಡೆದುಕೊಂಡರು. ಆಗ ಬಡಗಿಯನ್ನು ಕರೆಸಿದರು. ಅವನು ಹೊಸಿಲನ್ನು ಮುಟ್ಟದೆ ಎರಡು ಕಡೆಗೂ ಇಳಿಜಾರು ಹಲಗೆ ಕೂರಿಸಿದ. ಒಂದು ಮಧ್ಯಾಹ್ನದ ಕೆಲಸ.

ಆ ಹಿರಿಯ ಆಯಾಳನ್ನು ನಾವೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದೆವು. ಟಿ. ನರಸೀಪುರದ ಕಡೆಯವರು. ಓದು ಬರದು, ಗಡಿಯಾರ ನೋಡಲು ಮಾತ್ರ ಬರುತ್ತಿತ್ತು. ಅವರಿಗೆ ಬೇಕಾದದ್ದೂ ಅಷ್ಟೇ. ಹಾಸಿಗೆ ಹಿಡಿದ ಐದು ಜನರಿಗೆ ಎರಡೆರಡು ಗಂಟೆಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಮೂಳೆ ಒತ್ತುವ ಕಡೆ ರಕ್ತ ಓಡದೆ ಚರ್ಮ ಸಾಯುತ್ತದೆ. ಹಾಸಿಗೆ ಹುಣ್ಣು ಮೊದಲು ಕೆಂಪು ಕಲೆಯಾಗಿ ಕಾಣುತ್ತದೆ. ಒತ್ತಿದರೆ ಬೆಳ್ಳಗಾಗದ ಕೆಂಪು ಕಂಡರೆ ಆಗಲೇ ತಡವಾಗಿದೆ ಎಂದು ಅರ್ಥ. ಇದನ್ನು ನನಗೆ ನರ್ಸಿಂಗ್ ಪುಸ್ತಕ ಹೇಳುವ ಐದು ವರ್ಷ ಮೊದಲೇ ದೊಡ್ಡವ್ವ ತಮ್ಮ ಹೆಬ್ಬೆರಳಿನಿಂದ ತೋರಿಸಿಕೊಟ್ಟಿದ್ದರು.

ನೈಟ್ ಡ್ಯೂಟಿ ಅಂದರೆ ರಾತ್ರಿ 8ರಿಂದ ಬೆಳಗ್ಗೆ 8. 32 ಜನಕ್ಕೆ ಒಬ್ಬಳು ಆಯಾ, ಗೇಟಿನಲ್ಲೊಬ್ಬ ವಾಚ್‌ಮನ್. ನನ್ನ ಮೊದಲ ವಾರ ದೊಡ್ಡವ್ವ ತಮ್ಮ ನಿದ್ದೆ ಬಿಟ್ಟು ಜೊತೆಗಿದ್ದರು. "ನೋಡವ್ವ, ಸೊಂಟ ಬಗ್ಗುಸ್ಬ್ಯಾಡ, ಮಂಡಿ ಬಗ್ಸು. ನೀರಿನ್ ಕೊಡ ಎತ್ತಕಿಲ್ವ ನೀನು? ಮೈಗಂಟುಸ್ಕೊಂಡ್ ಎತ್ತು. ದೂರ ಹಿಡುದ್ರೆ ಭಾರ ಜಾಸ್ತಿ." ಬಾವಿಯಿಂದ, ಬೋರ್‌ವೆಲ್ಲಿನಿಂದ ನೀರು ಹೊತ್ತು ಬೆಳೆದವಳಿಗೆ ಅದು ತಟ್ಟನೆ ಅರ್ಥವಾಯಿತು. ದೊಡ್ಡವ್ವ ಹೇಳಿದ್ದು ಸರಿಯಾಗಿಯೇ ಇತ್ತು. ಲೆಕ್ಕ ಮಾತ್ರ ಸರಿಯಿರಲಿಲ್ಲ. ಕೊಡದ ಮೈ ಗಟ್ಟಿ, ಅದಕ್ಕೆ ಬಾಯಿದೆ, ಹಿಡಿಯಲು ಕಂಠವಿದೆ. 60 ಕಿಲೋದ ಮನುಷ್ಯ ನಿದ್ದೆಗಣ್ಣಿನಲ್ಲಿ ನಮ್ಮ ಕೊರಳಿಗೆ ಜೋತುಬಿದ್ದಾಗ ಎಲ್ಲಿ ಹಿಡಿಯುವುದು?

ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ಕುರಿತು ಸಂಶೋಧನೆ ಮಾಡುವ ಸರ್ಕಾರಿ ಸಂಸ್ಥೆಯೊಂದಿದೆ. ರೋಗಿಯನ್ನು ಕೈಯಿಂದ ಎತ್ತುವಾಗ, ಉಳಿದೆಲ್ಲ ಅನುಕೂಲವಾಗಿದ್ದರೂ, ಒಬ್ಬರ ಪಾಲಿನ ಭಾರ 35 ಪೌಂಡ್ ದಾಟಬಾರದು ಎಂದು ಅಲ್ಲಿನವರು ಲೆಕ್ಕ ಹಾಕಿದ್ದಾರೆ. 35 ಪೌಂಡ್ ಅಂದರೆ ಸುಮಾರು 16 ಕಿಲೋ. ಆಸ್ಪತ್ರೆಯ ತರಬೇತಿಯೊಂದರಲ್ಲಿ ಇದನ್ನು ಮೊದಲ ಸಲ ಕೇಳಿದಾಗ ನಾನು ನೋಟ್ಸ್ ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂತೆ. 16 ಕಿಲೋ ಅಂದರೆ ತುಂಬಿದ ಒಂದು ಕೊಡ. ಒಂದು ಮೈಗೆ ಒಂದು ಕೊಡ. ನಾವು ಒಂದೊಂದು ರಾತ್ರಿಗೆ ಐದು ಸಲ, ಐದೈದು ಜನರನ್ನು, ಒಬ್ಬೊಬ್ಬರೇ, ಮೂರು ನಾಲ್ಕು ಕೊಡಗಳನ್ನು ಒಟ್ಟಿಗೆ ಎತ್ತಿದ ಹಾಗೆ ಎತ್ತಿದ್ದೆವು.

ಡಿಸೆಂಬರಿನ ಒಂದು ಚಳಿ ರಾತ್ರಿ ದಪ್ಪ ಮೈಯ ಅಜ್ಜಿಯೊಬ್ಬರು ಮಂಚದಿಂದ ಜಾರತೊಡಗಿದರು. ಓಡಿಹೋಗಿ ಕಂಕುಳಿಗೆ ಕೈಕೊಟ್ಟು ಎಳೆದೆ. ಸೊಂಟದೊಳಗೆ ಏನೋ ಚಳಕ್ ಎಂದಿತು. ಅಜ್ಜಿ ಬೀಳಲಿಲ್ಲ. ಆದರೆ ನಾನು ಎಳೆದ ರಭಸಕ್ಕೆ ಒರಟು ದುಪ್ಪಟಿಗೆ ಉಜ್ಜಿ ಅವರ ಬೆನ್ನ ಕೆಳಗಿನ ಚರ್ಮ ಹಪ್ಪಳದ ಹಾಗೆ ಕಿತ್ತುಬಂದಿತ್ತು. ಮುದುಕರ ಚರ್ಮ ಅಷ್ಟು ತೆಳು. ಒಂದೇ ಎಳೆತಕ್ಕೆ ಅವರಿಗೂ ಗಾಯ, ನನಗೂ ಗಾಯ. ಅವರ ಗಾಯವನ್ನು ರಿಜಿಸ್ಟರಿನಲ್ಲಿ ಬರೆದರು. ನನ್ನದನ್ನು ಬರೆಯುವುದಕ್ಕೆ ಅದರಲ್ಲಿ ಕಾಲಮ್ಮೇ ಇರಲಿಲ್ಲ. ರಜೆ ಹಾಕಿದರೆ ದಿನದ ಸಂಬಳ ಕಟ್. ಅಮೃತಾಂಜನ ತಿಕ್ಕಿಕೊಂಡು, ಸೀರೆಯ ಚೂರಿನಿಂದ ಸೊಂಟ ಬಿಗಿದುಕೊಂಡು ಮರುರಾತ್ರಿ ಡ್ಯೂಟಿಗೆ ನಿಂತೆ. ಆ ಅಜ್ಜಿ ನನ್ನ ಕೈ ಹಿಡಿದು "ನಿನ್ನ ಸೊಂಟ ನುಂಗಿದೆನಲ್ಲ ಮಗಾ" ಅಂದದ್ದು ಇಂದಿಗೂ ಕಿವಿಯಲ್ಲಿದೆ. ಆ ವಿಷಯ ಕೇಳಿದವರು ಅವರೊಬ್ಬರೇ.

ಪ್ರೀತಿಯಿಂದ ಮಾಡಿದ್ದೆಲ್ಲ ಒಳ್ಳೆಯದೇ ಆಗಿರುತ್ತದೆ ಎಂದು ಆಗ ನಂಬಿದ್ದೆ. ಕೆಂಪಾದ ಜಾಗಕ್ಕೆ ಸ್ಪಿರಿಟ್ ಹಚ್ಚಿ ಚೆನ್ನಾಗಿ ತಿಕ್ಕುತ್ತಿದ್ದೆವು, ಮೇಲೆ ಪೌಡರ್ ಉದುರಿಸುತ್ತಿದ್ದೆವು. ಆಗ ಆಸ್ಪತ್ರೆಗಳಲ್ಲೂ ಹಾಗೇ ಮಾಡುತ್ತಿದ್ದರು. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರಿಯುವ ಹಾಗೆ ಮಾಡುತ್ತದೆ, ಕೆಂಪಾದ ಜಾಗವನ್ನು ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟಾಗುತ್ತದೆ. ಹಿಮ್ಮಡಿಗೆ, ಕುಂಡೆಗೆ ಬಟ್ಟೆಯ ಸಿಂಬಿ ಮಾಡಿ ಇಡುತ್ತಿದ್ದೆವು. ಕೊಡ ಹೊರುವಾಗ ತಲೆಗೆ ಇಟ್ಟುಕೊಳ್ಳುವಂಥದ್ದೇ. ನಾನು ಸುತ್ತಿದ ಸಿಂಬಿ ಎಲ್ಲರದಕ್ಕಿಂತ ದುಂಡಗೆ ಇರುತ್ತದೆಂದು ಹೊಗಳಿಸಿಕೊಂಡಿದ್ದೆ. ಸಿಂಬಿಯ ಅಂಚು ಸುತ್ತಲೂ ಒತ್ತಿ ನಡುವಿನ ಚರ್ಮಕ್ಕೆ ಬರುವ ರಕ್ತವನ್ನೇ ತಡೆಯುತ್ತದೆಂದು ಆಮೇಲೆ ಕಲಿತೆ. ಮೀನಖಂಡದ ಕೆಳಗೆ ಉದ್ದಕ್ಕೆ ಒಂದು ದಿಂಬು ಇಟ್ಟು, ಹಿಮ್ಮಡಿ ಏನನ್ನೂ ಮುಟ್ಟದ ಹಾಗೆ ತೇಲಿಸಿದ್ದರೆ ಸಾಕಾಗಿತ್ತು. ದಿಂಬು ನಮ್ಮಲ್ಲಿ ಬೇಕಾದಷ್ಟಿದ್ದವು.

ಇವೆಲ್ಲ ಗೊತ್ತಿಲ್ಲದೆ ಮಾಡಿದ ತಪ್ಪುಗಳು. ಮೇಷ್ಟ್ರ ವಿಷಯವನ್ನು ಹಾಗೆನ್ನಲಾರೆ.

ನಿವೃತ್ತ ಹೈಸ್ಕೂಲ್ ಮೇಷ್ಟ್ರು ಅವರು. ಹಗಲೆಲ್ಲ ಸರಿಯಾಗಿಯೇ ಇರುತ್ತಿದ್ದರು, ನಮ್ಮ ಕೈಬರಹ ತಿದ್ದುತ್ತಿದ್ದರು. ರಾತ್ರಿ ಮೂರು ಗಂಟೆಗೆ ಎದ್ದು, ಪಂಚೆ ಸರಿಮಾಡಿಕೊಂಡು, "ಬೆಲ್ ಆಯ್ತು, ಸ್ಕೂಲಿಗೆ ಹೊತ್ತಾಯ್ತು" ಎಂದು ಹೊರಟುಬಿಡುತ್ತಿದ್ದರು. ಎರಡು ಸಲ ಗೇಟಿನ ಹತ್ತಿರ ಸಿಕ್ಕಿದರು. ಒಂದು ಸಲ ತೊಟ್ಟಿಯೊಳಗೆ ಕಾಲಿಟ್ಟು ಮುಗ್ಗರಿಸಿದರು. ಬಿದ್ದು ಕೈಕಾಲು ಮುರಿದುಕೊಂಡರೆ ಯಾರು ಹೊಣೆ ಎಂದು ಮೇಲಿನಿಂದ ಕೇಳಿದರು. ಹಳೆಯ ಹತ್ತಿ ಸೀರೆಯ ಪಟ್ಟಿಯಿಂದ ಅವರ ಬಲಗೈಯನ್ನು ಮಂಚದ ಸರಳಿಗೆ ಕಟ್ಟಲು ಶುರುಮಾಡಿದೆವು. ಮೊದಲ ರಾತ್ರಿ ಕಟ್ಟಿದವಳು ನಾನು. "ನಾನೇನು ತಪ್ಪು ಮಾಡಿದೆ ಮಗು?" ಎಂದು ಕೇಳಿದರು. ಮೇಷ್ಟ್ರೊಬ್ಬರು ಹಾಗೆ ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. "ನಿಮ್ಮ ಒಳ್ಳೇದಕ್ಕೇ ಸಾರ್" ಅಂದೆ. ಉಳಿದ 31 ಜನರನ್ನು ಒಬ್ಬಳೇ ನೋಡಬೇಕಿತ್ತು ಎಂಬುದು ನಿಜ. ಕಟ್ಟಿದ ಮೇಲೆ ನನಗೆ ಹಗುರವಾಯಿತು ಎಂಬುದೂ ನಿಜ.

ಎರಡು ವಾರ ಕಳೆದಿರಬಹುದು. ಕರೆಂಟು ಹೋದ ರಾತ್ರಿ ಧಡ್ ಎಂಬ ಸದ್ದು. ಲಾಟೀನು ಹಿಡಿದು ಓಡಿದೆ. ಮೇಷ್ಟ್ರು ಮಂಚದಿಂದ ಕೆಳಗೆ, ಕಟ್ಟಿದ ಕೈ ಮೇಲೆ. ಇಡೀ ಮೈಯ ಭಾರ ಆ ಒಂದು ಕೈಗೆ ಜೋತುಬಿದ್ದು ಭುಜದ ಕೀಲು ತಪ್ಪಿತ್ತು. ಅವರು ಕೂಗಿಕೊಂಡಿರಲಿಲ್ಲ. ಪಂಚೆ ಒದ್ದೆಯಾಗಿತ್ತು, ಅದನ್ನು ಮುಚ್ಚಿಕೊಳ್ಳಲು ಇನ್ನೊಂದು ಕೈಯಲ್ಲಿ ಹೊದಿಕೆಯನ್ನು ಎಳೆದುಕೊಳ್ಳುತ್ತಿದ್ದರು.

ಒದ್ದೆಯಾದ ಪಂಚೆಯನ್ನು ನೋಡಿ ದೊಡ್ಡವ್ವನಿಗೆ ಹೊಳೆಯಿತು. ಮೂರು ಗಂಟೆಗೆ ಅವರನ್ನು ಎಬ್ಬಿಸುತ್ತಿದ್ದದ್ದು ಮೂತ್ರ. ಅದನ್ನು ಹೇಳುವ ಮಾತು ಅವರಿಗೆ ಸಿಗುತ್ತಿರಲಿಲ್ಲ, ಬಾಯಿಗೆ ಬರುತ್ತಿದ್ದದ್ದು ಜೀವಮಾನವೆಲ್ಲ ಅವರನ್ನು ಎಬ್ಬಿಸಿದ್ದ ಸ್ಕೂಲು ಬೆಲ್ಲು. ಅಂದಿನಿಂದ ಎರಡೂವರೆಗೇ ಎಬ್ಬಿಸಿ ಕರೆದುಕೊಂಡು ಹೋಗತೊಡಗಿದೆವು. ಪಟ್ಟಿಯನ್ನು ದೊಡ್ಡವ್ವ ಒಲೆಗೆ ಹಾಕಿದರು. ಆಮೇಲೂ ಕೆಲವು ರಾತ್ರಿ ಅವರು ಹೊರಡುತ್ತಿದ್ದರು. ಅಂಥ ರಾತ್ರಿ ಅವರ ಎಡಗೈ ಹಿಡಿದು ತೊಟ್ಟಿಯ ಸುತ್ತ ಮೂರು ಸುತ್ತು ಹಾಕಿ, "ಇವತ್ತು ಭಾನುವಾರ ಸಾರ್" ಅನ್ನುತ್ತಿದ್ದೆ. ಬಲಗೈಯನ್ನು ಅವರು ಮತ್ತೆ ಭುಜದ ಮೇಲಕ್ಕೆ ಎತ್ತಲಿಲ್ಲ. ನಮ್ಮ ಕೈಬರಹ ತಿದ್ದುವುದೂ ನಿಂತಿತು.

ಮರುವರ್ಷದ ಮಳೆಗಾಲಕ್ಕೆ ಕಜ್ಜಿ ಬಂತು. ಮೊದಲು ತುರಿಕೆ ಕಂಡದ್ದು ಒಬ್ಬ ಆಯಾಳ ಬೆರಳ ಸಂದಿಯಲ್ಲಿ. ಅವಳು ಹೋಗಿ ಪ್ರಾಮಾಣಿಕವಾಗಿ ಹೇಳಿದಳು. ವಾಸಿಯಾಗುವವರೆಗೆ ಬರಬೇಡ ಎಂದು ಸಂಬಳವಿಲ್ಲದೆ ಮನೆಗೆ ಕಳಿಸಿದರು. ಅದನ್ನು ಕಂಡ ಉಳಿದ ಐವರೂ ಬಾಯಿ ಬಿಡಲಿಲ್ಲ. ನನ್ನ ಹೊಟ್ಟೆಯ ಮೇಲೆ, ಸೊಂಟದ ದಾರದ ಸುತ್ತ ಗುಳ್ಳೆಗಳೆದ್ದಿದ್ದವು. ಸೀರೆಯೊಳಗೇ ತುರಿಸಿಕೊಂಡು ಅಜ್ಜಿಯರಿಗೆ ಸ್ನಾನ ಮಾಡಿಸಿದೆ. ಮೊದಲ ಸಲ ಹತ್ತಿದವರಿಗೆ ತುರಿಕೆ ಕಾಣಿಸಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ ನಾವು ಮುಚ್ಚಿಟ್ಟ ಒಂದೊಂದು ದಿನಕ್ಕೂ ಬೆಲೆ ತೆತ್ತವರು ತಿಂಗಳಾದ ಮೇಲೆ ಇಡೀ ರಾತ್ರಿ ನಿದ್ದೆಯಿಲ್ಲದೆ ತುರಿಸಿಕೊಂಡ ಮುದುಕರು. ಊರಿಗೆ ಹೋದಾಗ ನನ್ನ ತಮ್ಮನಿಗೂ ಅದನ್ನು ಕೊಟ್ಟು ಬಂದೆ.

ಕೊನೆಗೆ ಸರ್ಕಾರಿ ಆಸ್ಪತ್ರೆಯ ವೈದ್ಯರೊಬ್ಬರು ಬಂದರು. ಅವರು ಮೇಲ್ವಿಚಾರಕರ ಮುಂದೆಯೇ ಮೊದಲು ಹೇಳಿದ ಮಾತು: "ತುರಿಕೆ ಇದೆ ಅಂದವರ ಸಂಬಳ ಹಿಡಿಯಬೇಡಿ. ಹಿಡಿದರೆ ಈ ಕಜ್ಜಿ ಈ ಮನೆ ಬಿಡೋದಿಲ್ಲ." ಒಂದೇ ಸಂಜೆ, ತುರಿಕೆ ಇದ್ದವರು ಇಲ್ಲದವರು ಎನ್ನದೆ, 32 ಜನಕ್ಕೂ, ನಮಗೂ, ಅಡುಗೆಯವರಿಗೂ, ವಾಚ್‌ಮನ್ನಿಗೂ ಕುತ್ತಿಗೆಯಿಂದ ಕೆಳಗೆ ಬೆಂಜೈಲ್ ಬೆಂಜೋಯೇಟ್ ಲೋಷನ್. ನಮ್ಮ ಮನೆಯವರಿಗೂ ಸೀಸೆ ಕೊಟ್ಟು ಕಳಿಸಿದರು. ಹಂಡೆಯಲ್ಲಿ ನೀರು ಕುದಿಸಿ ದುಪ್ಪಟಿ, ಸೀರೆ, ಪಂಚೆ ಎಲ್ಲ ಅದ್ದಿ ತೆಗೆದೆವು. ಒಗೆಯಲಾಗದ್ದನ್ನು ಗೋಣಿಚೀಲದಲ್ಲಿ ಕಟ್ಟಿ ಒಂದು ವಾರ ಮುಟ್ಟಲಿಲ್ಲ. ಮನುಷ್ಯರ ಮೈ ಸಿಗದಿದ್ದರೆ ಆ ಹುಳ ಎರಡು ಮೂರು ದಿನಕ್ಕಿಂತ ಬದುಕುವುದಿಲ್ಲ. ಮೊದಲು ಹೇಳಿ ಮನೆಗೆ ಹೋದವಳು ಮಾತ್ರ ವಾಪಸು ಬರಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿತಂತೆ. ಅವಳ ಬಳಿ ಕ್ಷಮೆ ಕೇಳಬೇಕಿತ್ತು.

1997ರಲ್ಲಿ ನಾನು ಆ ಮನೆ ಬಿಟ್ಟೆ. ಆಮೇಲೆ ಏನೇನೋ ಬದಲಾಗಿದೆ. 2007ರಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆ ಬಂತು. ಗತಿಯಿಲ್ಲದ ಹಿರಿಯರಿಗಾಗಿ ಜಿಲ್ಲೆಗೊಂದರಂತೆ, ಕನಿಷ್ಠ 150 ಜನ ಇರಬಹುದಾದ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದು ಅದರಲ್ಲಿದೆ. ಹಿರಿಯರು ಕಷ್ಟ ಹೇಳಿಕೊಳ್ಳಲು 14567 ಎಂಬ ಸಹಾಯವಾಣಿ ಇದೆ. ಗಾಳಿ ತುಂಬುವ ಏರ್‌ಬೆಡ್ ಬಾಡಿಗೆಗೆ ಸಿಗುತ್ತದೆ. ಇವೆಲ್ಲ ಬಂದದ್ದು ನನಗೆ ಸಂತೋಷವೇ.

ಕೊರೊನಾ ಕಾಲದಲ್ಲಿ, 2020ರ ಲಾಕ್‌ಡೌನಿನಲ್ಲಿ, ಪರಿಚಯದ ಆಯಾ ಒಬ್ಬಳು ತಾನು ಕೆಲಸ ಮಾಡುವ ಆಶ್ರಮದೊಳಗೇ ಎರಡು ತಿಂಗಳು ಉಳಿದುಬಿಟ್ಟಳು. ಹೊರಗೆ ಹೋಗಿ ಬಂದರೆ ಮುದುಕರಿಗೆ ಹತ್ತೀತೆಂದು, ತನ್ನ ಮಗುವನ್ನು ಗೇಟಿನ ಆಚೆಯಿಂದ ನೋಡಿ ಕಳಿಸುತ್ತಿದ್ದಳು. ಅಂಥ ಹೆಂಗಸರಿಗೆ ಚಪ್ಪಾಳೆ ತಟ್ಟಿದರು. ಅವಳಿಗೆ ಬೇಕಾಗಿದ್ದದ್ದು ಇನ್ನೊಂದು ಆಳು.

ಎರಡು ವರ್ಷದ ಹಿಂದೆ ಬಂಧುಗಳೊಬ್ಬರನ್ನು ನೋಡಲು ಹೊಸದೊಂದು ವೃದ್ಧಾಶ್ರಮಕ್ಕೆ ಹೋಗಿದ್ದೆ. ಹೊಸಿಲಿಲ್ಲ, ಜಾರದ ಟೈಲ್ಸ್, ಬಾತ್‌ರೂಮಿನಲ್ಲಿ ಸ್ಟೀಲಿನ ಹಿಡಿಕೆ, ಮಂಚದ ಪಕ್ಕದಲ್ಲೇ ಕರೆಗಂಟೆ. ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದೆ. ಆ ಹೂ ಕಟ್ಟುವ ಅಜ್ಜಿ ಇಲ್ಲಿದ್ದಿದ್ದರೆ ಬೀಳುತ್ತಿರಲಿಲ್ಲ ಎಂದು ಕಣ್ಣು ತುಂಬಿ ಬಂತು. ಹೊರಡುವಾಗ ಕೇಳಿದೆ: "ರಾತ್ರಿ ಎಷ್ಟು ಜನ ಇರ್ತಾರೆ?"

"ಒಬ್ಬರು ಇರ್ತಾರೆ ಮೇಡಂ. ಸಿಸಿಟಿವಿ ಇದೆಯಲ್ಲ."

ಕ್ಯಾಮೆರಾ ಬೀಳುವುದನ್ನು ನೋಡುತ್ತದೆ. ಹಿಡಿಯಲು ಕೈ ಬೇಕು, ಎತ್ತಲು ಇಬ್ಬರು ಬೇಕು. ಇದನ್ನು ಅಲ್ಲಿ ಹೇಳಿ ಬಂದೆ. ಇಲ್ಲಿ, ನನ್ನದೇ ಮನೆಯಲ್ಲಿ, 24 ಗಂಟೆಯ ಡ್ಯೂಟಿಗೆ ಒಬ್ಬಳೇ ಹುಡುಗಿಯನ್ನು ಇಟ್ಟುಕೊಂಡವಳೂ ನಾನೇ. ಏಜೆನ್ಸಿಯವರು 24 ಗಂಟೆ ಎಂದಾಗ ನನ್ನ ಬಾಯಿಂದ ಬಂದದ್ದು "ಎಷ್ಟಾಗುತ್ತೆ?" ಎಂಬ ಪ್ರಶ್ನೆ. ಇವಳು ಯಾವಾಗ ಮಲಗುತ್ತಾಳೆ ಎಂದು ಕೇಳಲಿಲ್ಲ.

ಕಾಫಿ ಲೋಟವನ್ನು ಅವಳ ಕೈಗೆ ಕೊಟ್ಟೆ. ಕುಡಿದಾದ ಮೇಲೆ ಬೀರುವಿನಿಂದ ಹಳೆಯ ಹತ್ತಿ ದುಪ್ಪಟಿ ತಂದು ನಾಲ್ಕಾಗಿ ಮಡಚಿದೆ. ಅತ್ತೆಯ ಎರಡು ಕಾಲ ನಡುವೆ ದಿಂಬು ಇಟ್ಟು, ಒಂದು ಮಗ್ಗುಲಿಗೆ ಹೊರಳಿಸಿ, ಹೆಗಲಿನಿಂದ ತೊಡೆಯವರೆಗೆ ದುಪ್ಪಟಿ ಹಾಸಿದೆವು. ಮಂಚದ ಆಚೆ ಅವಳು, ಈಚೆ ನಾನು. ಅಂಚನ್ನು ಮೈಗೆ ಹತ್ತಿರವಾಗಿ ಸುತ್ತಿ ಹಿಡಿಯುವುದನ್ನು ತೋರಿಸಿದೆ. "ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ಅತ್ತೆಗೆ ಮೊದಲು ಹೇಳು, ಆಮೇಲೆ ಎಣಿಸು."

"ಅಮ್ಮಾರ, ಮ್ಯಾಲ ಸರಸ್ತೀವ್ರೀ" ಎಂದು ಅತ್ತೆಗೆ ಹೇಳಿ, "ಒಂದ, ಎರಡ, ಮೂರ" ಎಣಿಸಿದಳು. ಅತ್ತೆ ದುಪ್ಪಟಿಯೊಂದಿಗೆ ಸದ್ದಿಲ್ಲದೆ ದಿಂಬಿನ ಕಡೆ ಸರಿದರು. "ಆಯ್ತೇನೇ?" ಎಂದು ಅತ್ತೆಯೇ ಆಶ್ಚರ್ಯದಿಂದ ಕೇಳಿದರು. ಪ್ರತಿ ಸಲ ಮುಖ ಕಿವುಚುತ್ತಿದ್ದವರು.

ಹುಡುಗಿ ತನ್ನ ಕೈಗಳನ್ನು ನೋಡಿಕೊಂಡಳು. "ಭಾರನ ಆಗ್ಲಿಲ್ರೀ ಅಕ್ಕಾರ."

ರಾತ್ರಿಯ ಪಾಳಿಗೆ ಇನ್ನೊಬ್ಬರನ್ನು ಕಳಿಸಿ ಎಂದು ಏಜೆನ್ಸಿಗೆ ಫೋನ್ ಮಾಡಿದೆ. ಸಿಗುವವರೆಗೆ 12ರಿಂದ ಬೆಳಗಿನ 4ರವರೆಗಿನ ಮಗ್ಗುಲುಗಳು ನನ್ನವು, ಜೊತೆಗೆ ನನ್ನ ಯಜಮಾನರು. ಅವರಿಗೂ ಮಂಡಿ ಬಗ್ಗಿಸುವುದನ್ನು ಕಲಿಸಿಯಾಯಿತು. ಹುಡುಗಿಗೆ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟೆ. ಹನ್ನೊಂದು ರಾತ್ರಿಗಳಿಂದ ಅವಳು ಅತ್ತೆಯ ಮಂಚದ ಬುಡದಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಹೋಗಲು ಅನುಮಾನಿಸಿದಳು, "ಅಮ್ಮಾರು ಕರದ್ರ?" ಅಂದಳು. ನಾನಿದ್ದೇನೆ ಎಂದೆ.

ಎರಡು ಗಂಟೆಗೆ ನನ್ನ ಫೋನಿನಲ್ಲಿ ಅಲಾರಂ ಇಟ್ಟುಕೊಂಡೆ. ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದವಳು, ಸ್ವಲ್ಪ ಹೊತ್ತು ತಡೆದು, ತನ್ನ ಫೋನು ತೆಗೆದು ತನ್ನ ಅಲಾರಂ ಆಫ್ ಮಾಡಿದಳು.